ಪರದೆಯ ಬಲಗಡೆ ಮಾತ್ರ ಹಳದಿ

ಹೊಸ ಡೆಸ್ಕ್‌ಟಾಪ್ ಬಂದ ಮೊದಲ ಕೆಲವು ದಿನ ನನಗೆ ಯಾವ ತೊಂದರೆಯೂ ಕಾಣಿಸಲಿಲ್ಲ. ಸ್ಕ್ರೀನು, ಕಂಪ್ಯೂಟರು ಎರಡೂ ಒಂದರಲ್ಲೇ ಸೇರಿರುವ ಆಲ್-ಇನ್-ಒನ್ ಅದು. 27 ಇಂಚು. ಹಳೆಯ ಮಾನಿಟರಿನ ಮುಂದೆ ವರ್ಷಗಟ್ಟಲೆ ಕೂತು ಬಂದವರಿಗೆ ಹೊಸ ಸ್ಕ್ರೀನು ಯಾವುದಾದರೂ ಚೆಂದವೇ. ಅಕ್ಷರಗಳು ಚೂಪಾಗಿದ್ದವು, ಬಣ್ಣ ತುಂಬಿಕೊಂಡಿತ್ತು, ಫ್ಯಾನಿನ ಸದ್ದೂ ಇಲ್ಲ. ಖುಷಿಯಾಗಿದ್ದೆ.

ಆಮೇಲೆ ಒಂದು ಪುಸ್ತಕದ ಪುಟ ವಿನ್ಯಾಸಕ್ಕೆ ಕೂತೆ. ಎರಡು ಪುಟಗಳನ್ನು ಅಕ್ಕಪಕ್ಕ ತೆರೆದಿದ್ದೆ. ಎಡಗಡೆ ಪುಟ ಬೆಳ್ಳಗಿದೆ, ಬಲಗಡೆ ಪುಟ ಯಾಕೋ ಕಪಾಟಿನಲ್ಲಿಟ್ಟು ಮರೆತ ಕಾಗದದ ಬಣ್ಣಕ್ಕೆ ತಿರುಗಿದೆ. ಫೈಲಿನಲ್ಲಿ ನೋಡಿದರೆ ಎರಡೂ ಶುದ್ಧ ಬಿಳಿ, ಕೆಂಪು ಹಸಿರು ನೀಲಿ ಮೂರೂ 255. ಪುಟಗಳನ್ನು ಅದಲು ಬದಲು ಮಾಡಿದೆ. ಈಗ ಬಲಕ್ಕೆ ಹೋದ ಪುಟ ಹಳದಿಯಾಯಿತು, ಎಡಕ್ಕೆ ಬಂದದ್ದು ಬೆಳ್ಳಗಾಯಿತು. ಅಲ್ಲಿಗೆ ಗೊತ್ತಾಯಿತಲ್ಲ, ತೊಂದರೆ ಪುಟದ್ದಲ್ಲ, ಜಾಗದ್ದು.

ಇಂಥದ್ದು ಒಂದು ಸಲ ಕಣ್ಣಿಗೆ ಬಿದ್ದರೆ ಆಮೇಲೆ ಬಿಟ್ಟು ಹೋಗುವುದಿಲ್ಲ. ಮೇಲ್ ಓದಲು ಕೂತರೂ ಬಲಗಡೆಯೇ ಕಣ್ಣು.

ಮೊದಲು ಸಾಫ್ಟ್‌ವೇರಿನ ಕಡೆಯ ಅನುಮಾನಗಳನ್ನೆಲ್ಲ ತೀರಿಸಿಕೊಂಡೆ. ಸಂಜೆಯಾದರೆ ಸ್ಕ್ರೀನಿಗೆ ಹಳದಿ ಬೆರೆಸುವ ನೈಟ್ ಮೋಡ್, ಕೋಣೆಯ ಬೆಳಕು ನೋಡಿ ತಾನೇ ಏರಿಳಿಯುವ ಬ್ರೈಟ್‌ನೆಸ್, ಚಿತ್ರಕ್ಕೆ ತಕ್ಕಂತೆ ಬ್ಯಾಕ್‌ಲೈಟ್ ಬದಲಿಸುವ ಡೈನಮಿಕ್ ಕಾಂಟ್ರಾಸ್ಟ್, ಎಲ್ಲ ಆಫ್ ಮಾಡಿದೆ. ಇವೆಲ್ಲ ಬಣ್ಣ ಬದಲಿಸಿದರೆ ಇಡೀ ಸ್ಕ್ರೀನಿನದನ್ನು ಬದಲಿಸುತ್ತವೆ, ಒಂದು ಪಕ್ಕದ್ದನ್ನಲ್ಲ. ಆದರೂ ಆಫ್ ಮಾಡಿಟ್ಟದ್ದು ಒಳ್ಳೆಯದಾಯಿತು. ಮುಂದೆ ಕಸ್ಟಮರ್ ಕೇರ್‌ನವರು ಕೇಳಿದ ಮೊದಲ ಪ್ರಶ್ನೆಯೇ ಅದು.

ಆಮೇಲೆ ಸ್ಕ್ರೀನ್‌ಶಾಟ್ ತೆಗೆದು ಫೋನಿಗೆ ಹಾಕಿಕೊಂಡು ನೋಡಿದೆ. ಅಲ್ಲಿ ಎರಡೂ ಪುಟ ಒಂದೇ ಬಿಳಿ. ಸ್ಕ್ರೀನ್‌ಶಾಟ್‌ನಲ್ಲಿ ಬರುವುದು ಕಂಪ್ಯೂಟರು ಪ್ಯಾನೆಲ್‌ಗೆ ಕಳಿಸಲು ಸಿದ್ಧಮಾಡಿದ ಚಿತ್ರ. ಪ್ಯಾನೆಲ್ ಅದನ್ನು ಹೇಗೆ ತೋರಿಸಿತು ಅನ್ನುವುದು ಅದರಲ್ಲಿ ಇರುವುದಿಲ್ಲ. ಕಣ್ಣಿಗೆ ಹಳದಿ ಇದೆ, ಸ್ಕ್ರೀನ್‌ಶಾಟ್‌ನಲ್ಲಿ ಇಲ್ಲ ಅಂದರೆ ಗಾಜಿನ ಹಿಂದೆಯೇ ಏನೋ ಇದೆ. ಸೆಟ್ಟಿಂಗ್ಸ್‌ಗೆ ಹೋಗಿ ಡಿಸ್‌ಪ್ಲೇಯನ್ನು ತಲೆಕೆಳಗು ಮಾಡಿಯೂ ನೋಡಿದೆ. ಚಿತ್ರ ತಿರುಗಿತು, ಹಳದಿ ಇದ್ದಲ್ಲೇ ಇತ್ತು.

ಗಾಜಿನ ಹಿಂದೆ ಏನಿದೆ ಅಂತ ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಎಲ್‌ಸಿಡಿ ಸ್ಕ್ರೀನು ತಾನಾಗಿ ಬೆಳಗುವುದಿಲ್ಲ. ಅದು ಬೆಳಕನ್ನು ಬಿಡುವ, ತಡೆಯುವ ಬಾಗಿಲುಗಳ ಸಾಲು ಅಷ್ಟೇ. ಬೆಳಕು ಹಿಂದಿನಿಂದ ಬರಬೇಕು. ಮೊದಲು ಅದಕ್ಕೆ ಪೆನ್ಸಿಲಿಗಿಂತ ತೆಳುವಾದ ಟ್ಯೂಬ್‌ಲೈಟುಗಳಿದ್ದವು, ಈಗ ಎಲ್‌ಇಡಿ ಇವೆ. ಆದರೆ ತೆಳ್ಳಗಿನ ಸ್ಕ್ರೀನುಗಳಲ್ಲಿ ಈ ಎಲ್‌ಇಡಿಗಳು ಪರದೆಯ ಹಿಂದೆಲ್ಲ ಹರಡಿಕೊಂಡಿರುವುದಿಲ್ಲ. ಒಂದು ಅಂಚಿನಲ್ಲಿ ಸಾಲಾಗಿ ಕೂತಿರುತ್ತವೆ. ಅವುಗಳ ಬೆಳಕು ಒಂದು ಪಾರದರ್ಶಕ ಅಕ್ರಿಲಿಕ್ ಹಲಗೆಯ ಅಂಚಿನಿಂದ ಒಳಗೆ ನುಗ್ಗಿ, ಮೇಲೆ ಕೆಳಗೆ ಪುಟಿಯುತ್ತಾ ಇನ್ನೊಂದು ತುದಿಗೆ ಹೋಗುತ್ತದೆ. ಹಲಗೆಯ ಹಿಂಬದಿಯಲ್ಲಿ ಸಣ್ಣ ಸಣ್ಣ ಚುಕ್ಕೆಗಳಿರುತ್ತವೆ. ಚುಕ್ಕೆಗೆ ಬಡಿದ ಬೆಳಕು ದಾರಿ ಬದಲಿಸಿ ಮುಂದಕ್ಕೆ, ಅಂದರೆ ನಮ್ಮ ಕಡೆಗೆ ಹೊರಬರುತ್ತದೆ. ಎಲ್‌ಇಡಿ ಹತ್ತಿರ ಚುಕ್ಕೆ ಕಡಿಮೆ, ದೂರ ಹೋದಂತೆ ಜಾಸ್ತಿ. ಕಾಲುವೆಯ ಮೊದಲಿನ ಗದ್ದೆಯವರು ತೂಬು ದೊಡ್ಡದು ಮಾಡಿಕೊಂಡರೆ ಕೊನೆಯ ಗದ್ದೆಗೆ ನೀರೇ ಇಲ್ಲ ಅನ್ನುವ ಲೆಕ್ಕವೇ ಇಲ್ಲೂ. ಯಾರಿಗೆ ಎಷ್ಟು ಅಂತ ಚುಕ್ಕೆಗಳೇ ಹಂಚಬೇಕು.

ಆ ಹಲಗೆಯ ಹಿಂದೆ ಬಿಳಿ ರಿಫ್ಲೆಕ್ಟರ್ ಹಾಳೆ, ಮುಂದೆ ಬೆಳಕನ್ನು ಹರಡುವ ಡಿಫ್ಯೂಸರ್ ಹಾಳೆ, ಅದರ ಮೇಲೆ ಬೆಳಕನ್ನು ನೇರ ಮಾಡುವ ಪ್ರಿಸಂ ಹಾಳೆಗಳು. ಇಷ್ಟೆಲ್ಲ ದಾಟಿ ಬಂದ ಬೆಳಕು, ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಪೋಲರೈಸರ್, ಲಿಕ್ವಿಡ್ ಕ್ರಿಸ್ಟಲ್, ಬಣ್ಣದ ಫಿಲ್ಟರ್ ದಾಟಿ ಹೊರಬರುವ ಹೊತ್ತಿಗೆ ಹೊರಟದ್ದರ ಹತ್ತನೇ ಒಂದು ಭಾಗವೂ ಉಳಿದಿರುವುದಿಲ್ಲ. ಈ ಹಾಳೆಗಳಲ್ಲಿ ಯಾವುದಾದರೂ ಒಂದು ಕೂದಲೆಳೆಯಷ್ಟು ಸುಕ್ಕಾದರೂ, ಚೌಕಟ್ಟು ಒಂದು ಕಡೆ ಸ್ವಲ್ಪ ಬಿಗಿಯಾದರೂ ಪರದೆಯ ಮೇಲೆ ಕಲೆಯಾಗಿ ಕಾಣುತ್ತದೆ.

ಇನ್ನು ಹಳದಿ ಎಲ್ಲಿಂದ? ಬಿಳಿ ಎಲ್‌ಇಡಿ ಅನ್ನುವುದು ನಿಜವಾಗಿ ನೀಲಿ ಎಲ್‌ಇಡಿ. ಅದರ ಮೇಲೆ ಹಳದಿ ಫಾಸ್ಫರ್ ಬಳಿದಿರುತ್ತಾರೆ, ನೀಲಿ ಬೆಳಕು ಹೀರಿ ಹಳದಿ ಬೆಳಕು ಬಿಡುವ ಪುಡಿ ಅದು. ನೀಲಿಯೂ ಹಳದಿಯೂ ಸೇರಿ ಕಣ್ಣಿಗೆ ಬಿಳಿ. ಎಲ್ಲ ಎಲ್‌ಇಡಿಯೂ ಒಂದೇ ಬಿಳಿ ಬರುವುದಿಲ್ಲ. ಅದಕ್ಕೇ ಕಾರ್ಖಾನೆಯಲ್ಲಿ ಅವನ್ನು ಬಣ್ಣ, ಪ್ರಖರತೆ ನೋಡಿ ಬೇರೆ ಬೇರೆ ಗುಂಪು ಮಾಡುತ್ತಾರೆ. ಜೊತೆಗೆ ಅಕ್ರಿಲಿಕ್ ಹಲಗೆಯೊಳಗೆ ಬೆಳಕು ದೂರ ಸಾಗಿದಷ್ಟೂ ನೀಲಿ ಭಾಗ ಸ್ವಲ್ಪ ಜಾಸ್ತಿ ಸವೆಯುತ್ತದೆ. ದೂರದ ತುದಿಗೆ ಮುಟ್ಟುವ ಬೆಳಕು ಕಡಿಮೆಯೂ ಹೌದು, ಹಳದಿಯೂ ಹೌದು. ನನ್ನ ಸ್ಕ್ರೀನಿನ ಬಲಗಡೆ ಇದ್ದದ್ದೂ ಈ ಜೋಡಿಯೇ. ಬರೀ ಹಳದಿ ಅಲ್ಲ, ಮಂಕೂ ಇತ್ತು.

ರಾತ್ರಿ ದೀಪ ಆರಿಸಿ, ಪೂರ್ತಿ ಕಪ್ಪು ಚಿತ್ರ ಹಾಕಿ ನೋಡಿದೆ. ಎಲ್ಲರೂ ಹೇಳಿಕೊಡುವ ಪರೀಕ್ಷೆ ಇದು. ನೋಡಿದವರ ಎದೆ ಒಡೆಯುವುದೂ ಇದರಿಂದಲೇ. ನಾಲ್ಕೂ ಮೂಲೆಯಲ್ಲಿ ಬೆಳಕು! ಕೆಳಗಿನ ಎರಡು ಮೂಲೆಗಳಂತೂ ಬೂದಿ ಎರಚಿದ ಹಾಗೆ.

ಇಲ್ಲಿ ಅವಸರ ಮಾಡಬಾರದು. ಕೂತಲ್ಲೇ ತಲೆಯನ್ನು ಎಡಕ್ಕೆ ಬಲಕ್ಕೆ ಆಡಿಸಿದೆ. ಬೆಳಕು ನನ್ನ ಜೊತೆಗೇ ಆಡಿತು. ಎಡಕ್ಕೆ ಹೋದರೆ ಬಲ ಮೂಲೆ ಬೆಳಗಿತು, ಬಲಕ್ಕೆ ಹೋದರೆ ಎಡ ಮೂಲೆ. ಕುರ್ಚಿ ಹಿಂದಕ್ಕೆ ಎಳೆದುಕೊಂಡು ನೇರವಾಗಿ ನೋಡಿದರೆ ಮುಕ್ಕಾಲು ಪಾಲು ಮಾಯ. ಇದು ಸೋರಿಕೆ ಅಲ್ಲ, ಐಪಿಎಸ್ ಗ್ಲೋ. ಐಪಿಎಸ್ ಅನ್ನುವುದು ಎಲ್‌ಸಿಡಿಯ ಒಂದು ಬಗೆ, ನನ್ನ ಸ್ಕ್ರೀನೂ ಅದೇ. ಐಪಿಎಸ್ ಪ್ಯಾನೆಲ್‌ನಲ್ಲಿ ಎರಡು ಪೋಲರೈಸರ್‌ಗಳು ಒಂದಕ್ಕೊಂದು ಅಡ್ಡಲಾಗಿ ಕೂತು ಬೆಳಕನ್ನು ತಡೆಯುತ್ತವೆ. ನೇರವಾಗಿ ನೋಡಿದರೆ ಆ ತಡೆ ಗಟ್ಟಿ. ಓರೆಯಿಂದ, ಅದರಲ್ಲೂ ಮೂಲೆಯ ದಿಕ್ಕಿನಿಂದ ನೋಡಿದರೆ ಅವು ಸರಿಯಾಗಿ ಅಡ್ಡ ಬರುವುದಿಲ್ಲ, ಸ್ವಲ್ಪ ಬೆಳಕು ನುಸುಳುತ್ತದೆ. 27 ಇಂಚಿನ ಸ್ಕ್ರೀನಿಗೆ ಮೂಗು ಹತ್ತಿರ ಇಟ್ಟು ಕೂತರೆ ನಾಲ್ಕೂ ಮೂಲೆ ಓರೆಯೇ ಅಲ್ವಾ? ಇದು ಆ ಬಗೆಯ ಪ್ಯಾನೆಲ್‌ನ ಗುಣ. ಬದಲಿಸಿ ಕೊಟ್ಟರೆ ಹೊಸದರಲ್ಲೂ ಇರುತ್ತದೆ.

ನಿಜವಾದ ಸೋರಿಕೆ ಬೇರೆ. ಅದನ್ನು ಬ್ಯಾಕ್‌ಲೈಟ್ ಬ್ಲೀಡ್ ಅನ್ನುತ್ತಾರೆ. ಅದು ತಲೆ ಆಡಿಸಿದರೆ ಅಲ್ಲಾಡುವುದಿಲ್ಲ. ಹಿಂದೆ ಸರಿದರೂ ಹೋಗುವುದಿಲ್ಲ. ಸಾಮಾನ್ಯವಾಗಿ ಅಂಚಿಗೆ ಅಂಟಿಕೊಂಡಿರುತ್ತದೆ, ಚೌಕಟ್ಟು ಪ್ಯಾನೆಲ್ಲನ್ನು ಒತ್ತಿದ ಜಾಗದಲ್ಲಿ. ಇನ್ನು ಕೆಲವರ ಸ್ಕ್ರೀನಿನಲ್ಲಿ ಅಂಚಿನಿಂದ ದೂರ, ನಟ್ಟನಡುವೆಯೇ ಮೋಡ ಕವಿದಂಥ ತೇಪೆಗಳಿರುತ್ತವೆ. ಅದನ್ನು ಕ್ಲೌಡಿಂಗ್ ಅನ್ನುತ್ತಾರೆ. ನನ್ನದರಲ್ಲಿ ಇವೆರಡೂ ಹೆಚ್ಚೇನಿರಲಿಲ್ಲ. ಕಪ್ಪು ಪರೀಕ್ಷೆಯಲ್ಲಿ ನನ್ನ ಸ್ಕ್ರೀನು ಪಾಸ್. ಹಳದಿ ಪಟ್ಟಿಯ ಸುಳಿವೇ ಅಲ್ಲಿ ಸಿಗಲಿಲ್ಲ.

ಕಪ್ಪು ಪರದೆಗೆ ಇಷ್ಟೊಂದು ಮರ್ಯಾದೆ ಕೊಡುವುದು ಯಾಕೆ ಅಂತ ನನಗೆ ಆಗ ಅನ್ನಿಸಿತು. ಈಗಲೂ ಅನ್ನಿಸುತ್ತದೆ. ಕತ್ತಲ ಕೋಣೆಯಲ್ಲಿ ಖಾಲಿ ಕಪ್ಪು ಪರದೆ ನೋಡುತ್ತಾ ದಿನದಲ್ಲಿ ಎಷ್ಟು ಹೊತ್ತು ಕೂರುತ್ತೇವೆ? ರಾತ್ರಿ ಸಿನಿಮಾ ನೋಡುವವರಿಗೆ, ಕತ್ತಲ ಗೇಮ್ ಆಡುವವರಿಗೆ ಅದು ಮುಖ್ಯ, ಒಪ್ಪಿದೆ. ಪುಟ, ಫೋಟೋ, ಲೆಕ್ಕದ ಹಾಳೆ ಇಟ್ಟುಕೊಂಡು ಕೆಲಸ ಮಾಡುವವರ ಕಣ್ಣ ಮುಂದೆ ಇಡೀ ದಿನ ಇರುವುದು ಬಿಳಿ ಮತ್ತು ಬೂದು. ಏರುಪೇರನ್ನು ಅಲ್ಲೇ ಹುಡುಕಬೇಕು.

ಫೋಟೋ ಕೂಡ ಮೋಸ. ಕಪ್ಪು ಪರದೆಗೆ ಫೋನ್ ಕ್ಯಾಮೆರಾ ಹಿಡಿದರೆ, ಎದುರಿಗೆ ಕತ್ತಲಿದೆ ಅಂತ ಅದು ಎಕ್ಸ್‌ಪೋಷರ್ ಎತ್ತುತ್ತದೆ. ಕಣ್ಣಿಗೆ ತೆಳುವಾಗಿ ಕಂಡ ಮಬ್ಬು ಫೋಟೋದಲ್ಲಿ ಕಾಡಿಗೆ ಬೆಂಕಿ ಬಿದ್ದ ಹಾಗೆ ಬರುತ್ತದೆ. ಕಿತ್ತಳೆ ಬಣ್ಣದ ಜ್ವಾಲೆ ಬೇರೆ! ಇಂಥ ಫೋಟೋ ಕಳಿಸಿದರೆ ಸರ್ವಿಸ್‌ನವರು ನಂಬುವುದಿಲ್ಲ, ಅವರು ದಿನವೂ ನೋಡುವ ಫೋಟೋ ಅದು. ಬೂದು ಪರದೆಯಲ್ಲಿ ಉಲ್ಟಾ ಮೋಸ. ಕ್ಯಾಮೆರಾ ತನ್ನ ವೈಟ್ ಬ್ಯಾಲೆನ್ಸ್ ತಾನೇ ಸರಿಮಾಡಿಕೊಂಡು ಹಳದಿಯನ್ನು ಅರ್ಧ ತಿಂದುಹಾಕುತ್ತದೆ. ನಾನು ಫೋನನ್ನು ಪ್ರೊ ಮೋಡ್‌ಗೆ ಹಾಕಿ, ಸ್ಕ್ರೀನಿನ ನಡುಭಾಗಕ್ಕೆ ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ ಎರಡನ್ನೂ ಲಾಕ್ ಮಾಡಿ, ಅದೇ ಸೆಟ್ಟಿಂಗ್‌ನಲ್ಲಿ ಎಡ, ನಡು, ಬಲ ತೆಗೆದೆ. ಆಗ ಕಣ್ಣು ಹೇಳಿದ್ದನ್ನೇ ಫೋಟೋವೂ ಹೇಳಿತು.

ಈ ನಡುವೆ ತಮ್ಮನನ್ನು ಕರೆದು ತೋರಿಸಿದೆ. ಶೇಕಡಾ 50ರ ಬೂದು ಬಣ್ಣ ಪರದೆ ತುಂಬ ಹಾಕಿಟ್ಟಿದ್ದೆ. ಅವನು ಹತ್ತಿರದಿಂದ ನೋಡಿದ, ದೂರದಿಂದ ನೋಡಿದ.

"ಎಲ್ಲಿ ಅಕ್ಕಾ? ನಂಗೇನೂ ಕಾಣ್ತಿಲ್ಲ. ಚೆನ್ನಾಗೇ ಇದೆ."

ಅವನ ಕಣ್ಣು ನನ್ನದಕ್ಕಿಂತ ಚುರುಕು. ಆದರೂ ಕಾಣಲಿಲ್ಲ, ಅದಕ್ಕೆ ಕಾರಣವಿದೆ. ನಿಧಾನವಾಗಿ ಇಳಿಯುತ್ತಾ ಹೋಗುವ ಬೆಳಕನ್ನು ಕಣ್ಣು ಮಾಫಿ ಮಾಡಿಬಿಡುತ್ತದೆ. ಅರ್ಧ ಮೀಟರ್ ಅಗಲದಲ್ಲಿ ಶೇಕಡಾ 20ರಷ್ಟು ಮೆಲ್ಲಗೆ ಇಳಿದರೂ ಗೊತ್ತಾಗದೆ ಹೋಗಬಹುದು. ಅದೇ ಶೇಕಡಾ 2ರಷ್ಟು ವ್ಯತ್ಯಾಸ ಒಂದು ಚೂಪಾದ ಗೆರೆಯಾಗಿ ಬಂದರೆ ಕಂಡುಬಿಡುತ್ತದೆ.

ಒಂದು ಕಪ್ಪು ಡ್ರಾಯಿಂಗ್ ಶೀಟು ತೆಗೆದುಕೊಂಡೆ. ಸ್ಕ್ರೀನು ಮುಚ್ಚುವಷ್ಟು ಅಗಲದ್ದು. ಅದರಲ್ಲಿ ಎರಡೇ ಎರಡು ತೂತು ಕತ್ತರಿಸಿದೆ, ನಾಣ್ಯದಷ್ಟಗಲ. ಒಂದು ಪರದೆಯ ನಡುವಿಗೆ ಬರುವಂತೆ, ಇನ್ನೊಂದು ಬಲಗಡೆಯ ಅಂಚಿನ ಹತ್ತಿರ ಬರುವಂತೆ. ಅದನ್ನು ಸ್ಕ್ರೀನಿನ ಮುಂದೆ ಹಿಡಿದೆ. ನಡುವಿನ ಎಲ್ಲ ಬೂದು ಮುಚ್ಚಿಹೋಗಿ ಎರಡು ಚುಕ್ಕೆ ಮಾತ್ರ ಉಳಿದವು. ಒಂದು ತಣ್ಣನೆಯ ಬೂದು, ಸ್ವಲ್ಪ ನೀಲಿ ಕಡೆಗೆ. ಇನ್ನೊಂದು ಮಂಕು, ಖಾಕಿ ಕಡೆಗೆ.

"ಅಯ್ಯೋ, ಇದು ಎರಡು ಬೇರೆ ಬಣ್ಣ ಅಲ್ವಾ!" ಅಂದ ತಮ್ಮ. ಶೀಟು ತೆಗೆದೆ. ಒಂದು ಕ್ಷಣ ಸುಮ್ಮನಿದ್ದು, "ಈಗ ನಂಗೂ ಕಾಣ್ತಿದೆ. ಯಾಕೆ ತೋರಿಸ್ದೆ?" ಅಂತ ಬೈದ. ಅವನ ಮಾನಿಟರೂ ಹೀಗೇ ಇದೆಯಾ ಅಂತ ಅವತ್ತೇ ರಾತ್ರಿ ಪರೀಕ್ಷೆ ಮಾಡಿಕೊಂಡನಂತೆ.

ಕಣ್ಣಿಗೆ ಕಂಡರೆ ಸಾಲದು, ಅಂಕಿಯಲ್ಲಿ ಇದ್ದರೆ ವಾದಕ್ಕೆ ಬಲ. ಬಣ್ಣ ಅಳೆಯುವ ಕಲರಿಮೀಟರ್ ನನ್ನ ಹತ್ತಿರ ಇರಲಿಲ್ಲ. ಫೋನಿನಲ್ಲಿ ಕೋಣೆಯ ಬೆಳಕು ನೋಡುವ ಸೆನ್ಸರ್ ಇರುತ್ತದೆ, ಬೆಳಕಿನ ಅಳತೆಯನ್ನು ಲಕ್ಸ್‌ನಲ್ಲಿ ತೋರಿಸುವ ಆ್ಯಪ್ ಹಾಕಿಕೊಂಡರೆ ಅದನ್ನೇ ಮೀಟರ್ ಮಾಡಿಕೊಳ್ಳಬಹುದು. ಅದು ತೋರಿಸುವ ಅಂಕಿ ಪ್ರಯೋಗಾಲಯಕ್ಕೆ ಆಗುವಂಥದ್ದಲ್ಲ. ಆದರೆ ಒಂದೇ ಸೆನ್ಸರ್, ಒಂದೇ ಪರದೆ, ಒಂದು ಜಾಗಕ್ಕೂ ಇನ್ನೊಂದು ಜಾಗಕ್ಕೂ ಹೋಲಿಕೆ ಮಾಡಲು ಧಾರಾಳ ಸಾಕು. ಕಂಪ್ಯೂಟರು ಆನ್ ಮಾಡಿ ಅರ್ಧ ಗಂಟೆ ಬಿಟ್ಟೆ. ಬ್ಯಾಕ್‌ಲೈಟ್ ಬಿಸಿಯಾಗಿ ಒಂದು ಮಟ್ಟಕ್ಕೆ ನಿಲ್ಲಲು ಅಷ್ಟು ಹೊತ್ತು ಬೇಕು. ಕೋಣೆ ಕತ್ತಲು ಮಾಡಿ, ಪರದೆಯನ್ನು ಮೂರು ಅಡ್ಡ ಮೂರು ಉದ್ದ, ಒಂಬತ್ತು ಮನೆ ಮಾಡಿಕೊಂಡು, ಫೋನಿನ ಮುಖವನ್ನು ಪರದೆಗೆ ಹಗುರವಾಗಿ ಆನಿಸಿ ಒಂದೊಂದೇ ಬರೆದುಕೊಂಡೆ. ಒತ್ತಬಾರದು. ಒತ್ತಿದ ಜಾಗದಲ್ಲಿ ಪ್ಯಾನೆಲ್ ತಾನೇ ಬಣ್ಣ ಬದಲಿಸುತ್ತದೆ.

ನಡುವಿನದನ್ನು 100 ಅಂತ ಇಟ್ಟುಕೊಂಡರೆ ಎಡಗಡೆ ಮೂರೂ ಮನೆ 90ರ ಮೇಲಿದ್ದವು. ಬಲಗಡೆ ಮೇಲಿನದು 81, ನಡುವಿನದು 76, ಕೆಳಗಿನದು 71. ಅಂಚುಗಳಲ್ಲಿ ಹತ್ತು ಹದಿನೈದು ಕಡಿಮೆ ಇರುವುದು ಮಾಮೂಲು, ಅದಕ್ಕೆ ಜಗಳ ಆಡುವುದರಲ್ಲಿ ಅರ್ಥವಿಲ್ಲ. ಆದರೆ ಇಲ್ಲಿ ಎಡಕ್ಕೂ ಬಲಕ್ಕೂ ತಾಳೆಯೇ ಇಲ್ಲ. ಅದರ ಮೇಲೆ ಹಳದಿ.

ಪರಿಚಯದವರೊಬ್ಬರು ಕ್ಯಾಲಿಬ್ರೇಟ್ ಮಾಡಿಸಿದರೆ ಸರಿಹೋಗುತ್ತದೆ ಅಂದರು. ಸರಿಹೋಗುವುದಿಲ್ಲ. ಕ್ಯಾಲಿಬ್ರೇಶನ್ ಮಾಡುವಾಗ ಮೀಟರ್ ಇಡುವುದು ಪರದೆಯ ನಡುವೆ. ಅಲ್ಲಿ ಅಳೆದು ಮಾಡಿದ ಬಣ್ಣದ ಪ್ರೊಫೈಲ್ ಇಡೀ ಪರದೆಗೆ ಒಂದೇ ತಿದ್ದುಪಡಿ ಹಾಕುತ್ತದೆ. ಬಲಗಡೆಯ ಹಳದಿ ತೆಗೆಯಲು ನೀಲಿ ಕೂಡಿಸಿದರೆ ಎಡಗಡೆ ನೀಲಿಯಾಗುತ್ತದೆ, ಅಷ್ಟೇ. ಜಾಗಕ್ಕೆ ತಕ್ಕಂತೆ ಬೇರೆ ಬೇರೆ ತಿದ್ದುವ ಸೌಲಭ್ಯ ಕೆಲವು ದುಬಾರಿ ಮಾನಿಟರ್‌ಗಳ ಒಳಗೇ ಇರುತ್ತದೆ. ಐಜೋ, ಎನ್‌ಇಸಿ ಅಂಥವರ ವೃತ್ತಿಪರ ಮಾನಿಟರ್‌ಗಳು ಅದಕ್ಕೇ ಹೆಸರುವಾಸಿ. ಅವೂ ಮಂಕಾದ ಜಾಗವನ್ನು ಬೆಳಗಿಸುವುದಿಲ್ಲ, ಬೆಳಗಿರುವ ಜಾಗವನ್ನು ಇಳಿಸಿ ಸಮ ಮಾಡುತ್ತವೆ. ಹಾಗಾಗಿ ಆ ಸೌಲಭ್ಯ ಆನ್ ಮಾಡಿದರೆ ಒಟ್ಟು ಬ್ರೈಟ್‌ನೆಸ್, ಕಾಂಟ್ರಾಸ್ಟ್ ಎರಡೂ ಸ್ವಲ್ಪ ಕುಗ್ಗುತ್ತವೆ. ನನ್ನ ಆಲ್-ಇನ್-ಒನ್‌ನಲ್ಲಿ ಅಂಥದ್ದೇನೂ ಇರಲಿಲ್ಲ.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಅತ್ತ ಕಡೆಯ ಹುಡುಗಿ ಬಹಳ ವಿನಯದಿಂದ ಮಾತಾಡಿದಳು. ರೀಸ್ಟಾರ್ಟ್ ಮಾಡಿದ್ರಾ ಮೇಡಂ? ಡ್ರೈವರ್ ಅಪ್‌ಡೇಟ್ ಆಗಿದೆಯಾ ಮೇಡಂ? ನೈಟ್ ಮೋಡ್ ಆನ್ ಇದೆಯಾ ಮೇಡಂ? ಎಲ್ಲ ಮುಗಿದ ಮೇಲೆ, "ಸ್ಕ್ರೀನಿನಲ್ಲಿ ಸ್ವಲ್ಪ ವ್ಯತ್ಯಾಸ ಇರೋದು ಸಹಜ ಮೇಡಂ" ಅಂದಳು.

"ಸಹಜ ಅಂದ್ರೆ ಎಷ್ಟು?" ಅಂತ ಕೇಳಿದೆ. ಅದಕ್ಕೆ ಅವಳ ಹತ್ತಿರ ಉತ್ತರವಿರಲಿಲ್ಲ. ಅವಳನ್ನು ದೂರಿ ಪ್ರಯೋಜನವಿಲ್ಲ, ವಾರಂಟಿ ಕಾಗದದಲ್ಲೂ ಇರಲಿಲ್ಲ. ಸತ್ತ ಪಿಕ್ಸೆಲ್‌ಗಳ ಬಗ್ಗೆ ಮಾತ್ರ ಅದರಲ್ಲಿ ಖಡಾಖಂಡಿತ ಬರೆದಿತ್ತು. ಪಿಕ್ಸೆಲ್ ದೋಷಕ್ಕೆ ಐಎಸ್‌ಒ 9241-307 ಅನ್ನುವ ಮಾನದಂಡ 2008ರಿಂದ ಇದೆ. ಹತ್ತು ಲಕ್ಷ ಪಿಕ್ಸೆಲ್‌ಗೆ ಎಷ್ಟು ಕೆಟ್ಟಿದ್ದರೆ ಯಾವ ದರ್ಜೆ ಅಂತ ಎಣಿಸಿ ಹೇಳಬಹುದು. ಬೆಳಕಿನ ಏರುಪೇರಿನ ಬಗ್ಗೆ ಆ ಕಾಗದದಲ್ಲಿದ್ದದ್ದು ಒಂದೇ ಸಾಲು, "ಅತಿಯಾಗಿದ್ದಲ್ಲಿ ಪರಿಶೀಲಿಸಲಾಗುವುದು". ಅತಿ ಎಷ್ಟು ಅನ್ನುವುದು ನೋಡಲು ಬಂದವರಿಗೆ ಬಿಟ್ಟದ್ದು.

ಫೋನಿನಲ್ಲಿ ಮಾತು ಬೆಳೆಸುವುದು ಬಿಟ್ಟು ಮೇಲ್ ಬರೆದೆ. "ಸ್ಕ್ರೀನ್ ಚೆನ್ನಾಗಿಲ್ಲ" ಅಂತ ಬರೆಯಲಿಲ್ಲ. ಒಂದೇ ಬೂದು ಬಣ್ಣ ಎರಡು ಜಾಗದಲ್ಲಿ ಎರಡು ಬಣ್ಣವಾಗಿ ಕಾಣುತ್ತದೆ, ಅದರಿಂದ ಅಚ್ಚಿಗೆ ಹೋಗುವ ಪುಟಗಳ ಬಣ್ಣ ನಿರ್ಧಾರ ಮಾಡಲು ಆಗುತ್ತಿಲ್ಲ ಅಂತ ಬರೆದೆ. ಒಂಬತ್ತು ಮನೆಯ ಅಂಕಿ, ಲಾಕ್ ಮಾಡಿ ತೆಗೆದ ಫೋಟೋ, ಸ್ಕ್ರೀನ್‌ಶಾಟ್ ಮೂರೂ ಸೇರಿಸಿದೆ. ಕಪ್ಪು ಪರದೆಯ ಫೋಟೋ ಬೇಕೆಂದೇ ಸೇರಿಸಲಿಲ್ಲ. ಸೇರಿಸಿದ್ದರೆ ಮಾತೆಲ್ಲ ಗ್ಲೋ ಕಡೆಗೆ ತಿರುಗಿ, "ಐಪಿಎಸ್‌ನಲ್ಲಿ ಇದ್ದದ್ದೇ" ಅನ್ನುವ ಉತ್ತರದೊಂದಿಗೆ ಕೇಸು ಮುಗಿಯುತ್ತಿತ್ತು. ಹೊಸ ಯಂತ್ರವನ್ನು ವಾಪಸ್ ಪಡೆಯುವ ಅವಧಿ ಇನ್ನೂ ಇದೆ ಅನ್ನುವುದನ್ನೂ, ಬಿಲ್ಲಿನ ತಾರೀಕನ್ನೂ ಮೊದಲ ಪ್ಯಾರಾದಲ್ಲೇ ಹಾಕಿದೆ.

ಟೆಕ್ನಿಷಿಯನ್ ಬಂದರು. ಬಂದವರೇ ಕಿಟಕಿ ಪರದೆ ಎಳೆದು, ಪೆನ್ ಡ್ರೈವ್‌ನಿಂದ ಕಪ್ಪು ಚಿತ್ರ ಹಾಕಿದರು.

"ಇದು ಗ್ಲೋ ಮೇಡಂ. ಎಲ್ಲದರಲ್ಲೂ ಇರುತ್ತೆ."

"ಹೌದು, ಅದರ ಬಗ್ಗೆ ನಾನು ದೂರು ಕೊಟ್ಟೇ ಇಲ್ಲ. ಬೂದು ಹಾಕಿ ನೋಡಿ."

ಬೂದು ಹಾಕಿದರು. ಸ್ವಲ್ಪ ಹೊತ್ತು ನೋಡಿ ತಲೆ ಅಲ್ಲಾಡಿಸಿದರು. "ಸ್ವಲ್ಪ ಇದೆ, ಆದ್ರೆ ಕಣ್ಣಿಗೆ ಅಷ್ಟೇನೂ ಕಾಣಲ್ಲ." ಡ್ರಾಯಿಂಗ್ ಶೀಟು ಕೊಟ್ಟೆ. ಅವರೇ ಹಿಡಿದು ನೋಡಿದರು. ಎಡಕ್ಕೆ ಬಲಕ್ಕೆ ಜರುಗಿಸಿದರು. ಆಮೇಲೆ ತಮ್ಮ ಫೋನು ತೆಗೆದು, ಶೀಟಿನ ಎರಡು ತೂತುಗಳ ಫೋಟೋ ತೆಗೆದುಕೊಂಡರು. ಶೀಟು ಇರುವಾಗಲೇ ತೆಗೆದದ್ದು ನೋಡಿ ನನಗೆ ಖುಷಿಯಾಯಿತು. ಈ ಶೀಟನ್ನು ನಾನು ತಗೊಂಡು ಹೋಗ್ಲಾ ಅಂತಲೂ ಕೇಳಿದರು. ಕೊಟ್ಟೆ.

ಪ್ಯಾನೆಲ್ ಮಾತ್ರ ಬದಲಿಸಬಹುದು ಅಂದರು. ಆದರೆ ಅವರೇ ದನಿ ಸ್ವಲ್ಪ ತಗ್ಗಿಸಿ, ಆಲ್-ಇನ್-ಒನ್ ಬಿಚ್ಚಿ ಜೋಡಿಸುವಾಗ ಒಳಗೆ ಧೂಳು ಸೇರುವ ಸಾಧ್ಯತೆ ಇದೆ, ಚೌಕಟ್ಟಿನ ಬಿಗಿತ ಕಾರ್ಖಾನೆಯ ಹಾಗೆ ಬರುವುದೂ ಕಷ್ಟ, ವಾಪಸ್ ಅವಧಿ ಇರುವಾಗ ಇಡೀ ಯಂತ್ರವೇ ಬದಲಿ ಕೇಳಿ ಅಂದರು. ಕಂಪನಿಯ ಮನುಷ್ಯ ಇಷ್ಟು ಹೇಳಬೇಕಾಗಿರಲಿಲ್ಲ. ಅವರ ವರದಿಯಲ್ಲಿ "ಬಲಭಾಗದಲ್ಲಿ ಬಣ್ಣ ವ್ಯತ್ಯಾಸ ದೃಢಪಟ್ಟಿದೆ" ಅಂತ ಬರೆದರು. ಆ ವಾಕ್ಯ ಬಂದ ಮೇಲೆ ಮಿಕ್ಕದ್ದು ಬೇಗ ಆಯಿತು.

ಇಲ್ಲಿ ಒಂದು ಮಾತು. ಸ್ಕ್ರೂ ಸಡಿಲ ಮಾಡಿ, ಮೆತ್ತಗಿನ ಬಟ್ಟೆಯಿಂದ ಆ ಜಾಗ ಉಜ್ಜಿ, ಪ್ಯಾನೆಲ್ಲನ್ನು ಮೆಲ್ಲಗೆ ತಿರುಚಿ ಅಂತೆಲ್ಲ ಸಲಹೆ ಕೊಡುವವರಿದ್ದಾರೆ. ಅಂಚಿನ ಒತ್ತಡದಿಂದ ಆದ ಸೋರಿಕೆ ಇವುಗಳಿಂದ ಕಡಿಮೆಯಾದ ಉದಾಹರಣೆಗಳೂ ಇವೆ. ಆದರೆ ವಾರಂಟಿ ಇರುವ ಹೊಸ ಯಂತ್ರಕ್ಕೆ ಕೈಯಾರೆ ಹಾಗೆ ಮಾಡಿದರೆ, ಒತ್ತಿದ ಜಾಗದಲ್ಲಿ ಹೊಸ ಕಲೆ ಬಿದ್ದರೆ, ಕೇಳುವವರು ಯಾರೂ ಇರುವುದಿಲ್ಲ. ಬಣ್ಣದ ಏರುಪೇರಿಗಂತೂ ಉಜ್ಜುವುದರಿಂದ ಯಾವ ಫಲವೂ ಇಲ್ಲ, ಅದು ಎಲ್‌ಇಡಿ ಮತ್ತು ಹಲಗೆಯ ವಿಷಯ.

ಹಳೆಯದನ್ನು ಕಳಿಸುವ ಮುಂಚೆ ಫೈಲುಗಳನ್ನೆಲ್ಲ ಹೊರಗಿನ ಡಿಸ್ಕಿಗೆ ಬ್ಯಾಕಪ್ ತೆಗೆದೆ, ಖಾತೆಗಳಿಂದ ಸೈನ್ ಔಟ್ ಆದೆ, ಸಾಫ್ಟ್‌ವೇರ್ ಲೈಸೆನ್ಸ್‌ಗಳನ್ನು ಬಿಡಿಸಿಕೊಂಡೆ, ಡಿಸ್ಕ್ ಪೂರ್ತಿ ಅಳಿಸಿದೆ. ಇದರಲ್ಲಿ ಲೈಸೆನ್ಸ್ ಬಿಡಿಸಿಕೊಳ್ಳುವುದೇ ಜನ ಮರೆಯುವುದು. ಪೆಟ್ಟಿಗೆ, ಒಳಗಿನ ಥರ್ಮಾಕೋಲ್ ಎಲ್ಲ ಇಟ್ಟುಕೊಂಡಿದ್ದೆ, ಪ್ಯಾಕಿಂಗ್ ಸುಲಭವಾಯಿತು.

ಎರಡನೆಯದು ಬಂತು. ಅರ್ಧ ಗಂಟೆ ಬಿಸಿಯಾಗಲು ಬಿಟ್ಟು ಮೊದಲು ಬೂದು ಹಾಕಿದೆ. ಹೊಸ ಶೀಟು ಕತ್ತರಿಸಿ ಇಟ್ಟಿದ್ದೆ. ನಡುವಿನ ತೂತು, ಬಲಗಡೆಯ ತೂತು, ಎರಡೂ ಒಂದೇ ಬೂದು. ಶೀಟನ್ನು ತಿರುಗಿಸಿ ಹಿಡಿದು ಎಡಗಡೆ ನೋಡಿದೆ, ಅಲ್ಲೂ ಅದೇ. ಫೋನಿನ ಸೆನ್ಸರ್ ಇಟ್ಟು ಅಳೆದೆ. ಎಲ್ಲಕ್ಕಿಂತ ಕಡಿಮೆ ಬಂದದ್ದು ಬಲಗಡೆ ಮೇಲಿನ ಮನೆ, 86.

ರಾತ್ರಿ ಕಪ್ಪು ಹಾಕಿದರೆ ಕೆಳಗಿನ ಎಡ ಮೂಲೆಯಲ್ಲಿ ಹೆಬ್ಬೆರಳಿನಷ್ಟು ಜಾಗದಲ್ಲಿ ಬೆಳಕು. ತಲೆ ಆಡಿಸಿದೆ, ಅಲ್ಲಾಡಲಿಲ್ಲ. ಹಿಂದೆ ಸರಿದೆ, ಹೋಗಲಿಲ್ಲ. ಅಪ್ಪಟ ಬ್ಲೀಡ್. ಮೊದಲನೆಯದರಲ್ಲಿ ಇದು ಇರಲೇ ಇಲ್ಲ!

"ಅಕ್ಕಾ, ಇದನ್ನೂ ವಾಪಸ್ ಕಳಿಸ್ತೀಯಾ?" ಅಂತ ತಮ್ಮ ಕೇಳಿದ. ಇಲ್ಲ ಅಂದೆ. ಅವನಿಗೆ ಆಶ್ಚರ್ಯ. ಕಪ್ಪು ಪರೀಕ್ಷೆ ಪ್ರಕಾರ ನಾನು ಒಳ್ಳೆಯದನ್ನು ಕೊಟ್ಟು ಕೆಟ್ಟದ್ದನ್ನು ತಂದಿದ್ದೆ.

ನನ್ನ ಲೆಕ್ಕವೇ ಬೇರೆ. ಆ ಮೂಲೆ ಕಾಣಬೇಕಾದರೆ ಕೋಣೆ ಕತ್ತಲಾಗಿರಬೇಕು, ಪರದೆ ಕಪ್ಪಾಗಿರಬೇಕು, ನಾನು ಅಲ್ಲೇ ನೋಡುತ್ತಿರಬೇಕು. ಹಗಲು ಕೆಲಸದಲ್ಲಿ ಮೂರೂ ಕೂಡಿ ಬರುವುದಿಲ್ಲ. ಬಿಳಿ ಪುಟದಲ್ಲಿ ಅಷ್ಟು ಸೋರಿಕೆ ಸೇರಿದರೂ ವ್ಯತ್ಯಾಸವೇ ಗೊತ್ತಾಗದು. ಐಪಿಎಸ್ ಪ್ಯಾನೆಲ್‌ನ ಕಾಂಟ್ರಾಸ್ಟ್ ಸುಮಾರು 1000ಕ್ಕೆ 1. ಪರದೆಯ ಪ್ರಖರತೆ ಅಳೆಯುವುದು ನಿಟ್ಸ್‌ನಲ್ಲಿ, ಬಿಳಿ 250 ನಿಟ್ಸ್ ಇದ್ದರೆ ಕಪ್ಪು 0.25. ಸೋರುವ ಮೂಲೆಯಲ್ಲಿ ಆ ಕಪ್ಪು ನಾಲ್ಕು ಪಟ್ಟಾದರೂ 1 ನಿಟ್. ಬಿಳಿಯ 250ಕ್ಕೆ ಅದು ಯಾವ ಲೆಕ್ಕ? ಬಲಗಡೆಯ ಹಳದಿ ಮಾತ್ರ ಪ್ರತಿ ಪುಟದಲ್ಲೂ, ಪ್ರತಿ ಫೋಟೋದಲ್ಲೂ ಸುಳ್ಳು ಹೇಳುತ್ತಿತ್ತು. ಇನ್ನೊಂದು ಸಲ ಬದಲಿ ಕೇಳಿದರೆ ಈ ಮೂಲೆ ಸರಿಯಿದ್ದು ಬೂದು ಕೆಟ್ಟದ್ದು ಬರಬಹುದು. ಬದಲಿ ಅನ್ನುವುದು ಲಾಟರಿಯೇ. ಸಿಕ್ಕಿದ ಒಳ್ಳೆ ಟಿಕೆಟ್ಟನ್ನು ಯಾರಾದರೂ ವಾಪಸ್ ಮಾಡುತ್ತಾರಾ?

ನಾನು ರಾತ್ರಿ ಸಿನಿಮಾ ನೋಡುವುದಕ್ಕೇ ಕಂಪ್ಯೂಟರು ತಂದಿದ್ದರೆ ಈ ತೀರ್ಮಾನ ತಿರುಗುಮುರುಗಾಗುತ್ತಿತ್ತು. ಆಗ ಎಲ್‌ಸಿಡಿಯ ಇನ್ನೊಂದು ಬಗೆಯಾದ ವಿಎ ಪ್ಯಾನೆಲ್ ಹುಡುಕಬೇಕು, ಅದರ ಕಪ್ಪು ಐಪಿಎಸ್‌ಗಿಂತ ಗಾಢ, ಕಾಂಟ್ರಾಸ್ಟ್ ಸಾಮಾನ್ಯವಾಗಿ 3000ಕ್ಕೆ 1ರ ಆಸುಪಾಸು. ಇಲ್ಲವೇ ಪರದೆಯ ಹಿಂದೆಲ್ಲ ಸಣ್ಣ ಎಲ್‌ಇಡಿಗಳನ್ನು ಹರಡಿ ಬೇಡದ ಕಡೆ ಆರಿಸುವ ಮಿನಿ ಎಲ್‌ಇಡಿ. ಓಎಲ್‌ಇಡಿಯಲ್ಲಿ ಬ್ಯಾಕ್‌ಲೈಟೇ ಇಲ್ಲ, ಪ್ರತಿ ಪಿಕ್ಸೆಲ್ಲೂ ತಾನೇ ಬೆಳಗುತ್ತದೆ. ಹಾಗಂತ ಅದು ಸಮ ಅಂತಲ್ಲ. ಗಾಢ ಬೂದು ಹಾಕಿದರೆ ಕೆಲವದರಲ್ಲಿ ಉದ್ದುದ್ದ ಪಟ್ಟಿಗಳು ಕಾಣುತ್ತವೆ. ದಿನವಿಡೀ ಒಂದೇ ಜಾಗದಲ್ಲಿ ಟೂಲ್‌ಬಾರ್ ನಿಂತಿರುವ ನನ್ನಂಥವರ ಕೆಲಸಕ್ಕೆ ಅದರ ಅಚ್ಚು ಪರದೆಯ ಮೇಲೆ ಕಾಯಂ ಆಗಿ ಉಳಿಯುವ ಭಯ ಬೇರೆ.

ಉಳಿದ ಸೋರಿಕೆಗೆ ಮಾಡಿದ್ದು ಸ್ವಲ್ಪವೇ. ಬ್ರೈಟ್‌ನೆಸ್ ಕಾರ್ಖಾನೆಯಿಂದ ಬಂದಾಗ ಕಣ್ಣು ಕುಕ್ಕುವಷ್ಟಿತ್ತು, ಅರ್ಧಕ್ಕಿಂತ ಕೆಳಗೆ ಇಳಿಸಿದೆ. ಅಚ್ಚಿನ ಕೆಲಸ ಮಾಡುವವರು ಸಾಮಾನ್ಯವಾಗಿ 120 ನಿಟ್ಸ್ ಆಸುಪಾಸಿನಲ್ಲಿ ಇಟ್ಟುಕೊಳ್ಳುತ್ತಾರೆ, ಅಲ್ಲಿಗೆ ತಂದರೆ ಸೋರುವ ಬೆಳಕೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಸ್ಕ್ರೀನಿನ ಹಿಂದಿನ ಗೋಡೆಗೆ ಬೆಳಕು ಬೀಳುವಂತೆ 6500 ಕೆಲ್ವಿನ್‌ನ ಸಣ್ಣ ಬಿಳಿ ದೀಪ ಇಟ್ಟೆ. ಸುತ್ತ ಸ್ವಲ್ಪ ಬೆಳಕಿದ್ದರೆ ಕಣ್ಣಿಗೆ ಕಪ್ಪು ಇನ್ನಷ್ಟು ಕಪ್ಪಾಗಿ ಕಾಣುತ್ತದೆ, ಮೂಲೆಯ ಮಬ್ಬು ಹಿಂದೆ ಸರಿಯುತ್ತದೆ. ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಹಾಕಿದೆ, ಗ್ಲೋ ಕೂಡ ತಗ್ಗಿತು.

ಒಂಬತ್ತು ಮನೆಯ ಅಂಕಿಗಳನ್ನು ತಾರೀಕು ಹಾಕಿ ಬಿಲ್ಲಿನ ಜೊತೆಗೇ ಇಟ್ಟಿದ್ದೇನೆ. ಎಲ್‌ಇಡಿಗಳೂ ವರ್ಷ ಕಳೆದಂತೆ ಮಂಕಾಗುತ್ತವೆ. ಆದರೆ ಎಲ್ಲ ಮನೆಗಳೂ ಒಟ್ಟಿಗೆ ಇಳಿದರೆ ಅದು ವಯಸ್ಸು, ಒಂದೇ ಕಡೆ ಇಳಿದರೆ ಅದು ದೋಷ. ವಾರಂಟಿ ಮುಗಿಯುವ ಮುಂಚಿನ ತಿಂಗಳಲ್ಲಿ ಅದೇ ಫೋನು, ಅದೇ ಆ್ಯಪ್, ಅದೇ ಬ್ರೈಟ್‌ನೆಸ್‌ನಲ್ಲಿ ಇನ್ನೊಮ್ಮೆ ಅಳೆಯಬೇಕು ಅಂತ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಂಡಿದ್ದೇನೆ.